ಬಿಟ್ಟವರ ಪಟ್ಟಿ

ಮದುವೆಗೆ ಇನ್ನು ಒಂಬತ್ತೇ ದಿನ ಉಳಿದಿತ್ತು. ಬುಧವಾರ ಬೆಳಿಗ್ಗೆ, ಮೊದಲ ಗಂಟೆ ಹೊಡೆಯುವ ಮುಂಚೆ, ಶಾಲೆಯ ಸ್ಟಾಫ್‌ರೂಮಿನ ಮೂಲೆಯಲ್ಲಿ ನಿಂತು ಫೈಲಕ್ಕ ಅಡುಗೆಯವರಿಗೆ ಫೋನು ಮಾಡಿದಳು. ಊಟಕ್ಕೆ ನಲವತ್ತು ಜನ ಹೆಚ್ಚಾಗಿದ್ದಾರೆ ಎಂದು ತಿಳಿಸಬೇಕಿತ್ತು, ಅಷ್ಟೆ. ಒಂದು ನಿಮಿಷದ ಕೆಲಸ.

"ಯಾವ ಮದುವೆ ಮೇಡಂ?" ಅಂದರು ಅಡುಗೆಯವರು.

"ನಮ್ಮದೇ. ಮುಂದಿನ ಶುಕ್ರವಾರದ್ದು."

ಆ ಕಡೆ ಪಾತ್ರೆಗಳ ಸದ್ದು. ಆಮೇಲೆ ಅದೂ ನಿಂತಿತು.

"ಅದನ್ನ ನೀವೇ ನಿನ್ನೆ ಬೇಡ ಅಂದ್ರಲ್ಲ?"

"ಯಾರು ಅಂದದ್ದು?"

"ನೀವು. ಹನ್ನೊಂದು ಗಂಟೆ ಹೊತ್ತಿಗೆ ಫೋನ್ ಮಾಡಿದ್ರಿ. ನಾನು ಸಂಜೆನೇ ಆ ದಿನಕ್ಕೆ ಇನ್ನೊಂದು ಕಡೆ ಒಪ್ಕೊಂಡ್ಬಿಟ್ಟೆ."

"ಹನ್ನೊಂದಕ್ಕೆ ನಾನು ಏಳನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಡ್ತಿದ್ದೆ. ಕಾಲ್ ನನ್ನ ನಂಬರಿಂದ ಬಂತಾ?"

"ನಂಬರ್ ಯಾರು ನೋಡ್ತಾರೆ ಮೇಡಂ, ಒಲೆ ಮುಂದೆ ನಿಂತಿದ್ದೆ. ಮಾತು ನಿಮ್ಮದೇ."

ಫೈಲಕ್ಕ ಫೈಲು ಬಿಚ್ಚಿದಳು. ತಕ್ಷಣ ಫೋಟೋದವನಿಗೆ ಫೋನು ಮಾಡಿದಳು. ಅವನಿಗೂ ಬೇಡ ಎಂದು ಹೇಳಿಯಾಗಿತ್ತು. ನೆಂಟರನ್ನು ಕರೆತರಬೇಕಿದ್ದ ಬಸ್ಸಿನವನಿಗೂ ಹೇಳಿಯಾಗಿತ್ತು. ಮೂವರಿಗೂ ಮಂಗಳವಾರವೇ, ಮೂವರಿಗೂ ಹನ್ನೊಂದರಿಂದ ಹನ್ನೊಂದೂವರೆಯೊಳಗೆ, ಮೂವರಿಗೂ "ನೀವೇ".

ಅವಳಿಗೆ ಫೈಲಕ್ಕ ಎಂದು ಹೆಸರಿಟ್ಟವಳು ನಾದಿನಿ, ಈಗ ಮದುವೆಯಾಗಲಿರುವವಳು. ಫೈಲಕ್ಕ ಗಣಿತದ ಮೇಡಂ, ನಲವತ್ತೆರಡು ಜನ ಶಿಕ್ಷಕರಿಗೆ ವರ್ಷವರ್ಷ ಟೈಮ್‌ಟೇಬಲ್ ಹಾಕುವವಳು. ಬಗಲಲ್ಲಿ ನೀಲಿ ಫೈಲು ಇಲ್ಲದೆ ತರಕಾರಿ ತರಲೂ ಹೋಗಳು. ಮಾವ ಬಡಗಿ. ಊರಿನ ಅರ್ಧ ಮನೆಗಳಿಗೆ ಕಿಟಕಿ ಮಾಡಿಕೊಟ್ಟವರು, ನಾಲ್ಕು ವರ್ಷದ ಹಿಂದೆ ತೀರಿಕೊಂಡಿದ್ದರು. ಗಂಡ ಸರಕು ಹಡಗಿನಲ್ಲಿ ಕೆಲಸಕ್ಕಿದ್ದು, ಮದುವೆಗೆ ಮೂರು ದಿನ ಮುಂಚೆ ಬಂದಿಳಿಯುವವನು. ಹಾಗಾಗಿ ಮದುವೆಯ ಪೂರ್ತಿ ಏರ್ಪಾಡು ಅವಳ ತಲೆಯ ಮೇಲೆ. ನಾಲ್ಕು ತಿಂಗಳು ಅಲೆದು, ಪ್ರತಿ ಕೆಲಸಕ್ಕೂ ಹಲವರನ್ನು ನೋಡಿ, ಒಬ್ಬರನ್ನು ಆರಿಸಿದ್ದಳು. ಎರಡೇ ಕಡೆ ಮನಸ್ಸು ಬದಲಾಯಿಸಿದ್ದಳು. ಬ್ಯಾಂಡ್ ಬಿಟ್ಟು, ನಾದಿನಿ ಇಷ್ಟಪಟ್ಟ ಹಾಡುವ ತಂಡ. ವೇದಿಕೆ ಕಟ್ಟಲು ಗೊತ್ತುಮಾಡಿದ್ದ, ಶೆಡ್ಡಿನಲ್ಲಿ ಮರಗೆಲಸ ಮಾಡುವ ಹೆಂಗಸನ್ನು — ಶೆಡ್ಡಿನಾಕೆಯನ್ನು — ಬಿಟ್ಟು, ದೊಡ್ಡ ಗಾಜಿನ ಶೋರೂಮಿನವನು.

ಶೋರೂಮಿನವನಿಗೆ, ಹಾಡುವವರಿಗೆ ಹೆದರುತ್ತಲೇ ಫೋನು ಮಾಡಿದಳು. ಇಬ್ಬರಿಗೂ ಯಾವ ಫೋನೂ ಬಂದಿರಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಬ್ಯಾಂಡಿನವನೇ ಫೋನು ಮಾಡಿದ.

"ಏನ್ ಮೇಡಂ, ಒಂದು ಸಲ ಬೇಡ ಅಂದ್ರಿ, ಸರಿ ಅಂದೆ. ಅದನ್ನೇ ನಿನ್ನೆ ಮತ್ತೆ ಫೋನ್ ಮಾಡಿ ಹೇಳೋದಾ? ಗಾಯಕ್ಕೆ ಉಪ್ಪು ಹಾಕೋ ಹಾಗೆ?"

"ನಾನು ಮಾಡಿಲ್ಲ ಕಣ್ರೀ."

"ನೀವೇ ಮೇಡಂ. ಅದೇ ಮಾತು."

ಅವಳು ಫೋನನ್ನು ಮೇಜಿನ ಮೇಲೆ ಕವುಚಿಟ್ಟಳು. ಬುತ್ತಿ ಹಾಗೆಯೇ ಮನೆಗೆ ವಾಪಸ್ಸು ಹೋಯಿತು.

ಮನೆಯಲ್ಲಿ ವಿಷಯ ಕೇಳಿದ ಅತ್ತೆ ಆಡಿದ ಮೊದಲ ಮಾತು: "ನೀನೇ ಮಾಡಿ ಮರ್ತಿಲ್ಲ ತಾನೆ?"

"ಅತ್ತೆ, ನಾನು ಕ್ಲಾಸಲ್ಲಿದ್ದೆ."

"ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ ನಿಂಗೆ. ಅದಕ್ಕೆ ಕೇಳ್ದೆ."

ನಾದಿನಿ ಇನ್ನೂ ಚೆನ್ನಾಗಿ ಉರಿಸಿದಳು. "ಹೋಗ್ಲಿ ಬಿಡಿ ಅತ್ತಿಗೆ. ಮನೆ ಮಟ್ಟಿಗೆ ಸಣ್ಣದಾಗಿ ಮಾಡ್ಕೊಂಡ್ರಾಯ್ತು."

ಹೋಗ್ಲಿ ಬಿಡಿ. ನಾಲ್ಕು ತಿಂಗಳ ಭಾನುವಾರಗಳೆಲ್ಲ ಹೋಗ್ಲಿ ಬಿಡಿ. ಫೈಲಕ್ಕ ನೀರು ಕುಡಿದಳು. ಅಷ್ಟರಲ್ಲಿ ಮದುವೆ ಹುಡುಗನ ಸೋದರತ್ತೆಯ ಫೋನು ಬಂತು. ಅತ್ತೆ ಆಗಲೇ ಅವರಿಗೆ ಸುದ್ದಿ ಮುಟ್ಟಿಸಿದ್ದರು.

"ನಾನು ಮೊದಲೇ ಹೇಳಿರ್ಲಿಲ್ವಾ? ನಮ್ಮ ಅಡುಗೆಯವರು ಆ ದಿನ ಇನ್ನೂ ಖಾಲಿನೇ ಇದಾರೆ."

ಆ ದನಿಯಲ್ಲಿದ್ದ ಸಂತೋಷವನ್ನು ಫೈಲಕ್ಕ ಗುರುತು ಹಾಕಿಕೊಂಡಳು. ಫೋನಿಟ್ಟು, ಜೋರಾಗಿಯೇ ಹೇಳಿದಳು: "ಇವರೇ ಮಾಡಿಸಿರ್ಬೇಕು."

"ಮಾಡಿಸಿದ್ರು ಅಂತಲೇ ಇಟ್ಕೋ," ಎಂದು ಮೂಲೆಯಿಂದ ದನಿ ಬಂತು. "ಬಸ್ಸಿನವನ ಮೇಲೆ ಅವರಿಗೇನು ಸಿಟ್ಟು?"

ದೊಡ್ಡಮ್ಮ — ಮಾವನ ಅಣ್ಣನ ಹೆಂಡತಿ — ಮದುವೆಗೆಂದು ಎರಡು ವಾರ ಮೊದಲೇ ಬಂದು ಕೂತಿದ್ದರು. ಪಾರ್ಸಲ್ ಆಫೀಸಿನ ದೂರು ಮೇಜಿನಲ್ಲಿ ಮೂವತ್ತೊಂದು ವರ್ಷ ಕಳೆದವರು. ಕಳೆದುಹೋದ ಪೆಟ್ಟಿಗೆ, ಒಡೆದ ಪೆಟ್ಟಿಗೆ, ಬೇರೆಯವರು ಸಹಿ ಹಾಕಿ ಒಯ್ದ ಪೆಟ್ಟಿಗೆ — ಅವುಗಳ ಬೆನ್ನು ಹತ್ತಿದ್ದೇ ಅವರ ಜೀವಮಾನದ ಕೆಲಸ. ಬಲಗಿವಿ ಸ್ವಲ್ಪ ಮಂದ. ಹಾಗಾಗಿ ಎಲ್ಲರ ಬಾಯಲ್ಲೂ ಎಲ್ಲವನ್ನೂ ಎರಡೆರಡು ಸಲ ಹೇಳಿಸುತ್ತಿದ್ದರು. ಫೈಲಕ್ಕನ ತಾಳ್ಮೆ ಅರ್ಧ ಅಲ್ಲೇ ಖರ್ಚಾಗುತ್ತಿತ್ತು.

"ಅಡುಗೆಯವರಿಗೆ ಆ ಹೆಂಗಸು ಏನು ಹೇಳಿದ್ಲಂತೆ?"

"ಬೇಡ ಅಂದ್ಲಂತೆ."

"ಅದು ಅರ್ಥ. ನಂಗೆ ಮಾತು ಬೇಕು. ಫೋನ್ ಹಾಕು, ನನ್ನ ಎಡಗಿವಿಗೆ ಕೊಡು."

ಫೈಲಕ್ಕ ಹಲ್ಲು ಕಚ್ಚಿಕೊಂಡು ನಂಬರು ಒತ್ತಿದಳು. ಒಬ್ಬರಾದ ಮೇಲೆ ಒಬ್ಬರು. ದೊಡ್ಡಮ್ಮ ಪ್ರತಿಯೊಬ್ಬರನ್ನೂ ಪುಟ್ಟ ಮಕ್ಕಳನ್ನು ಕೇಳುವ ಹಾಗೆ ಕೇಳಿದರು. ಅಡುಗೆಯವರಿಗೆ ನೆನಪಾಗಲಿಲ್ಲ. ಫೋಟೋದವನಿಗೆ ಅರ್ಧ ನೆನಪಾಯಿತು. ಹಿಂದೆ ಸುತ್ತಿಗೆ ಸದ್ದು ಕೇಳುತ್ತಿತ್ತು ಎಂದೂ ಹೇಳಿದ. ಬಸ್ಸಿನವನಿಗೆ ಪೂರ್ತಿ ನೆನಪಿತ್ತು, ಕಾಲ್ ಬಂದ ನಂಬರೂ ಅವನ ಫೋನಿನಲ್ಲಿತ್ತು.

"ಏನಂದ್ಲು, ಅವಳಂದ ಹಾಗೇ ಹೇಳಪ್ಪ," ಅಂದರು ದೊಡ್ಡಮ್ಮ.

"'ನಿಮ್ಮ ಕೆಲಸ ಚೆನ್ನಾಗಿದೆ. ಆದ್ರೆ ನಮ್ಮ ಟೈಮ್‌ಟೇಬಲ್‌ನಲ್ಲಿ ಕೂರ್ತಾ ಇಲ್ಲ. ಬೇಜಾರ್ ಮಾಡ್ಕೋಬೇಡಿ.' ಅಷ್ಟೇ ಅಮ್ಮ. ಟೈಮ್‌ಟೇಬಲ್ ಅಂದಮೇಲೆ ಮೇಡಮ್ಮೇ ಅಂದ್ಕೊಂಡೆ."

ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಫೈಲಕ್ಕ ಕುರ್ಚಿಯ ಮೇಲೆ ಕೂತುಬಿಟ್ಟಳು.

"ಅದು ನನ್ನ ಮಾತು."

"ಯಾರಿಗೆ ಹೇಳೋ ಮಾತು?"

"ಬೇಡ ಅಂತ ಬಿಟ್ಟವರಿಗೆ. ಒಬ್ಬೊಬ್ಬರಿಗೆ ಒಂದೊಂದು ಕಾರಣ ಹುಡುಕ್ತಾ ಕೂರೋಕಾಗಲ್ಲ ಅಂತ ಎಲ್ಲರಿಗೂ ಅದನ್ನೇ ಹೇಳ್ತಿದ್ದೆ."

"ಮನೇಲಿ ಯಾರಾದ್ರೂ ಕೇಳಿದಾರಾ?"

"ಇಲ್ಲ. ಎಲ್ಲ ಸ್ಟಾಫ್‌ರೂಮಿಂದ ಮಾಡಿದ್ದು. ಒಂದು ಮಾತ್ರ —" ಫೈಲಕ್ಕ ತಟ್ಟನೆ ಎದ್ದು ನಿಂತಳು. "ಒಂದು ಮಾತ್ರ ಶೋರೂಮಲ್ಲಿ ಕೂತು ಮಾಡಿದ್ದೆ. ಶೋರೂಮಿನವನು ಎದುರಿಗೇ ಇದ್ದ. ಅವನೊಬ್ಬನಿಗೇ ಬೇಡ ಅಂತ ಫೋನ್ ಬಂದಿಲ್ಲ. ಅವನ ಅಂಗಡೀಲಿ ಇಬ್ಬರು ಹೆಂಗಸರು ಕೆಲಸಕ್ಕಿದಾರೆ. ಅವನೇ ದೊಡ್ಡಮ್ಮ, ಇನ್ಯಾರೂ ಅಲ್ಲ."

"ಹಾಡೋರಿಗೂ ಬಂದಿಲ್ಲ ಅಂದ್ಯಲ್ಲ."

"ಅವರ ಸರದಿ ಬರೋದ್ರಲ್ಲಿ ನಾನು ಕಂಡುಹಿಡಿದೆ, ಅಷ್ಟೆ."

ದೊಡ್ಡಮ್ಮ ಬಸ್ಸಿನವನು ಕೊಟ್ಟ ನಂಬರಿನ ಚೀಟಿ ಮುಂದೆ ತಳ್ಳಿದರು. "ಆ ನಂಬರ್ ಯಾರದು ನೋಡು."

ಫೈಲು ತೆಗೆದು ನೋಡಿದರೆ, ಅದು ಮದುವೆ ನಡೆಯಬೇಕಿದ್ದ ಹಾಲಿನ ಆಫೀಸಿನ ನಂಬರು.

ಗುರುವಾರ ಮಧ್ಯಾಹ್ನ ಫೈಲಕ್ಕ ಅರ್ಧ ದಿನ ರಜೆ ಕೇಳಿದಳು. ಹೆಡ್‌ಮಾಸ್ಟರು ಮುಖ ಗಂಟುಹಾಕಿಕೊಂಡೇ ಸಹಿ ಹಾಕಿದರು. ದೊಡ್ಡಮ್ಮನ ಮಂಡಿಯೋ ಮೆಟ್ಟಿಲು ಕಂಡರೆ ಮುಷ್ಕರ ಹೂಡುವ ಜಾತಿ. ಹಾಲಿನ ಒಂಬತ್ತು ಮೆಟ್ಟಿಲು ಹತ್ತಲು ಅವರು ತೆಗೆದುಕೊಂಡ ಹೊತ್ತಿನಲ್ಲಿ ಫೈಲಕ್ಕ ಮೂರು ಸಲ ಮೇಲೆ ಹೋಗಿ ಕೆಳಗೆ ಬಂದಳು.

ಆಫೀಸು ಓಣಿಯ ಕೊನೆಯಲ್ಲಿತ್ತು. ಒಂದು ಮೇಜು, ಮೇಜಿನ ಮೇಲೆ ಫೋನು, ಫೋನಿನ ನೇರ ಎದುರಿಗೆ ಗೋಡೆಯಲ್ಲೊಂದು ಬೋರ್ಡು.

"ಮಂಗಳವಾರ ಹನ್ನೊಂದು ಗಂಟೆಗೆ ಇಲ್ಲಿ ಯಾರಿದ್ರು?" ಫೈಲಕ್ಕ ಕೇಳಿದಳು.

"ಯಾರೂ ಇಲ್ಲ," ಅಂದರು ಮ್ಯಾನೇಜರು. "ನಾನು ಊಟದ ಹಾಲಲ್ಲಿದ್ದೆ. ನಿಮ್ಮ ಹುಡುಗನ ಸೋದರತ್ತೆಯವರಿಗೆ ಜಾಗ ತೋರಿಸ್ತಿದ್ದೆ. ಕುರ್ಚಿ ಲೆಕ್ಕ ಹಾಕಬೇಕು ಅಂತ ಅವರೇ ಬಂದಿದ್ರು."

"ಅವರು ಬಂದಿದ್ರಾ? ನಡುವೆ ಎದ್ದು ಆಚೆ ಹೋದ್ರಾ?"

"ಎಲ್ಲಿಗೆ ಹೋಗ್ತಾರೆ? ಒಂದು ಗಂಟೆ ನನ್ನ ತಲೆ ತಿಂದ್ರು. ಬ್ಯಾಂಡ್ ಬಿಟ್ಟು ಹಾಡೋರನ್ನ ಯಾಕೆ ಇಟ್ಕೊಂಡ್ರಿ ಅಂತ ನನ್ನನ್ನ ಕೇಳ್ತಾರೆ. ನನಗೇನು ಗೊತ್ತು?"

ಫೈಲಕ್ಕನಿಗೆ ಒಂದು ಕ್ಷಣ ಬೇಸರವೇ ಆಯಿತು. ಅಪರಾಧಿ ಅವರಾಗಿದ್ದರೆ ಎಷ್ಟೊಂದು ಕೆಲಸ ತಪ್ಪುತ್ತಿತ್ತು.

"ಹೊರಗಿನವರು ಬೇರೆ ಯಾರೂ ಬಂದಿಲ್ವಾ?" ದೊಡ್ಡಮ್ಮ ಕೇಳಿದರು.

"ಹೊರಗಿನವರು ಯಾರೂ ಇಲ್ಲ ಅಮ್ಮ. ಸೋಮವಾರದ ಮದುವೆ ವೇದಿಕೆ ಬಿಚ್ತಾ ಇದ್ರು, ಅಷ್ಟೆ. ಅವರು ನಮ್ಮವರೇ, ದಿನಾ ಬರೋರು."

ದೊಡ್ಡಮ್ಮ ಬೋರ್ಡಿನ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡರು. ಫೈಲಕ್ಕನ ಟೈಮ್‌ಟೇಬಲ್ ಅಲ್ಲಿ ತೂಗುತ್ತಿತ್ತು: ಯಾರು, ಎಷ್ಟು ಹೊತ್ತಿಗೆ, ಯಾವ ಬಾಗಿಲಿಂದ, ಯಾವ ನಂಬರು. ಹೊಸದು, ಹಾಡುವ ತಂಡದ ಹೆಸರಿದ್ದದ್ದು. ಪಕ್ಕದಲ್ಲಿ ವೇದಿಕೆಯ ನಕ್ಷೆ. ವೇದಿಕೆಯ ಹಿಂಭಾಗದಲ್ಲಿ ಒಂದರ ಪಕ್ಕ ಒಂದು, ಚಿಕ್ಕದು ದೊಡ್ಡದು, ಸಾಲು ಕಿಟಕಿಗಳು. ಪ್ರತಿ ಕಿಟಕಿಗೂ ತೆಳು ಬಟ್ಟೆ, ಬಟ್ಟೆಯ ಹಿಂದೆ ದೀಪ. ಸಂಜೆ ಹೊತ್ತು ಮನೆಮನೆಯಲ್ಲೂ ದೀಪ ಹಚ್ಚಿದ ಬೀದಿಯ ಹಾಗೆ ಕಾಣುತ್ತಿತ್ತು. ಮೂಲೆಯಲ್ಲಿ ಶೋರೂಮಿನ ಮೊಹರು.

"ಇದನ್ನ ಯಾವತ್ತು ಹಾಕಿದ್ದು?"

"ಸೋಮವಾರ ಸಂಜೆ. ಕರೆಂಟಿನವರು ನೋಡ್ಬೇಕಲ್ಲ, ಮುಂಚೆನೇ ತಂದು ಹಾಕ್ಬೇಕು."

"ಕಿಟಕಿ ಯೋಚನೆ ಯಾರದು?" ದೊಡ್ಡಮ್ಮ ಈ ಸಲ ಕೇಳಿದ್ದು ಫೈಲಕ್ಕನನ್ನು.

"ಅದೆಲ್ಲ ಈಗ ಯಾಕೆ ದೊಡ್ಡಮ್ಮ? ನಡೀರಿ, ಶೋರೂಮಿಗೆ ಹೋಗೋಣ."

ಶೋರೂಮಿನವನು ಮೊದಲು ತಂಪಾದ ನೀರು ಕೊಟ್ಟ. ವಿಷಯ ಕೇಳಿದ ಮೇಲೆ ತಾನೇ ಬಿಸಿಯಾದ.

"ನಿಮ್ಮ ಅಡುಗೆಯವರ ನಂಬರ್ ನನ್ನ ಹತ್ರ ಯಾಕಿರುತ್ತೆ? ನನಗೆ ನೀವು ಕೊಟ್ಟಿದ್ದು ಒಂದು ಅಳತೆ ಚೀಟಿ, ಆ ಡಬ್ಬಿ, ಅಷ್ಟೆ. ಏಳು ಜನ ಹಾಡೋರಿಗೆ ಎಡಗಡೆ ಜಾಗ ಬಿಡಿ ಅಂದ್ರಿ, ಬಿಟ್ಟಿದೀನಿ. ಮದುವೆ ನಿಂತ್ರೆ ನನಗೇನು ಲಾಭ?"

ಫೈಲಕ್ಕ ಅವನ ಕಡೆಯೇ ನೋಡಿದಳು. ದೊಡ್ಡಮ್ಮ ನೋಡುತ್ತಿದ್ದದ್ದು ಅವನು ಕೈ ತೋರಿಸಿದ ಡಬ್ಬಿಯನ್ನು. ಷೂ ಡಬ್ಬಿ. ಒಂದು ಮಗ್ಗುಲು ಕತ್ತರಿಸಿ ಒಳಗೆ ಪುಟ್ಟ ವೇದಿಕೆ ಕಟ್ಟಿತ್ತು. ಹಿಂದೆ ಬೆಂಕಿಕಡ್ಡಿಗಳಲ್ಲಿ ಮಾಡಿದ ಕಿಟಕಿಗಳು, ಒಂದೊಂದಕ್ಕೂ ಉಗುರಿನಷ್ಟು ಬಟ್ಟೆ.

"ಇದು ಬೇಕಾ ನಿಮಗೆ?"

"ಬೇಡಮ್ಮ, ನಕ್ಷೆ ತೆಗೆದಾಯ್ತು. ತಗೊಂಡು ಹೋಗಿ, ಜಾಗ ತಿಂತಿದೆ."

ದೊಡ್ಡಮ್ಮ ಡಬ್ಬಿಯನ್ನು ತಲೆಕೆಳಗು ಮಾಡಿ ತಳ ನೋಡಿದರು. ಪೆನ್ಸಿಲಿನಲ್ಲಿ ಒಂದು ಫೋನ್ ನಂಬರು ಇತ್ತು. ಅದನ್ನು ಮಡಿಲಲ್ಲಿಟ್ಟುಕೊಂಡೇ ಆಟೋದಲ್ಲಿ ಕೂತರು.

ದಾರಿಯುದ್ದಕ್ಕೂ ಫೈಲಕ್ಕ ಸಿಡಿಮಿಡಿಗುಟ್ಟಿದಳು. ಎಂಟು ದಿನ ಉಳಿದಿದೆ, ಅಡುಗೆಯವರಿಲ್ಲ, ಫೋಟೋದವನು ನೋಡ್ತೀನಿ ಅಂತಾನೆ, ಬಸ್ಸಿನವನು ರೇಗಿದಾನೆ, ಅರ್ಧ ದಿನ ರಜೆ ಹಾಳಾಯ್ತು, ಕೈಗೆ ಸಿಕ್ಕಿದ್ದು ಒಂದು ಷೂ ಡಬ್ಬಿ.

"ನಿನ್ನ ಫೈಲಲ್ಲಿ ಆರಿಸ್ಕೊಂಡವರ ಪಟ್ಟಿ ಇದೆ," ಅಂದರು ದೊಡ್ಡಮ್ಮ. "ಬಿಟ್ಟವರ ಪಟ್ಟಿ ಎಲ್ಲಿ?"

"ಬಿಟ್ಟವರ ಪಟ್ಟಿ ಯಾರಿಟ್ಕೋತಾರೆ?"

"ಈಗ ಬರಿ."

ಆಟೋದ ಕುಲುಕಾಟದಲ್ಲಿ ಫೈಲಕ್ಕ ಬರೆದಳು. ಇಬ್ಬರು ಅಡುಗೆಯವರು, ಮೂವರು ಫೋಟೋದವರು, ಇಬ್ಬರು ಬಸ್ಸಿನವರು, ಬ್ಯಾಂಡಿನವನು, ಶೆಡ್ಡಿನಾಕೆ. ಒಂಬತ್ತು ಜನ. ಕೆಲವರ ಮುಖವೇ ನೆನಪಾಗಲಿಲ್ಲ.

"ಈ ಟೈಮ್‌ಟೇಬಲ್ ಯಾರ್ಯಾರಿಗೆ ಕೊಟ್ಟಿದ್ದೆ?"

"ಹಾಲಿನ ಮ್ಯಾನೇಜರಿಗೆ, ಸೋದರತ್ತೆಗೆ. ಹೋದ ತಿಂಗಳು ಮೂರನೇ ತಾರೀಕು. ಆಮೇಲೆ ಹಾಡೋರು, ಶೋರೂಮು ಎರಡೂ ಬದಲಾದಾಗ ಇಬ್ಬರಿಗೂ ಹೊಸದು ಕಳಿಸಿದೆ. ಹಳೇದನ್ನ ಹರಿದು ಹಾಕಿ ಅಂದೆ."

"ಹಳೇದು ಎಷ್ಟು ಪ್ರತಿ ತೆಗೆಸಿದ್ದೆ?"

"ಮೂರು."

"ಮೂರನೇದು?"

ಫೈಲಕ್ಕ ಫೈಲಿನ ಹಾಳೆ ತಿರುವಿದಳು. "ಎಲ್ಲೋ ಇರುತ್ತೆ ದೊಡ್ಡಮ್ಮ. ಅದರಿಂದ ಏನಾಗ್ಬೇಕು?"

"ನಾಳೆ ನಾಲ್ಕು ಗಂಟೆಗೆ ಎಲ್ಲರನ್ನೂ ಹಾಲಿಗೆ ಬರೋಕೆ ಹೇಳು," ಅಂದರು ದೊಡ್ಡಮ್ಮ. "ಈ ಡಬ್ಬಿ ನಂಬರಿಗೆ ನಾನು ಫೋನ್ ಮಾಡ್ತೀನಿ."

ಶುಕ್ರವಾರ ನಾಲ್ಕು ಗಂಟೆಗೆ ಆಫೀಸಿನಲ್ಲಿ ಕುರ್ಚಿ ಸಾಲಲಿಲ್ಲ. ಅತ್ತೆ, ನಾದಿನಿ, ಹುಡುಗನ ಸೋದರತ್ತೆ, ಮ್ಯಾನೇಜರು. ಬಾಗಿಲ ಬಳಿ, ಒಳಗೆ ಬರದೆ ಹೊರಗೆ ಹೋಗದೆ, ಶೆಡ್ಡಿನಾಕೆ ನಿಂತಿದ್ದಳು. ನಲವತ್ತರ ಹೆಂಗಸು. ತೋಳಿನ ತುಂಬ ಮರದ ಹುಡಿ, ಸೊಂಟದಲ್ಲಿ ಅಳತೆ ಟೇಪು. ಅವಳನ್ನು ಯಾಕೆ ಕರೆದರೆಂದು ಫೈಲಕ್ಕನಿಗೆ ಅರ್ಥವಾಗಲಿಲ್ಲ. ಕಣ್ಣು ತಪ್ಪಿಸಬೇಕೆನ್ನಿಸಿತು, ತಪ್ಪಿಸಿದಳು.

ದೊಡ್ಡಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ಇವಳು ನನಗೆ ಹೇಳಿದ್ದು — ಮೂರು ಜನಕ್ಕೆ ಬೇಡ ಅಂತ ಫೋನ್ ಹೋಗಿದೆ ಅಂತ. ಮೂರಲ್ಲ, ನಾಲ್ಕು. ಬ್ಯಾಂಡಿನವನನ್ನ ಇವಳು ಲೆಕ್ಕಕ್ಕೇ ತಗೊಳ್ಳಲಿಲ್ಲ. ಅವನು ಬರೀ ತಲೆನೋವು ಅಂದ್ಕೊಂಡ್ಲು. ನನಗೆ ಬೇಕಾಗಿದ್ದು ಅವನೇ."

"ಅವನನ್ನ ಬಿಟ್ಟು ತಿಂಗಳಾಯ್ತಲ್ಲ," ಅಂದರು ಸೋದರತ್ತೆ.

"ಅದೇ. ಬಿಟ್ಟವನನ್ನ ಯಾರಾದ್ರೂ ಮತ್ತೆ ಬಿಡ್ತಾರಾ? ಬಿಟ್ಟಿದಾರೆ ಅಂತ ಗೊತ್ತಿಲ್ಲದವರು ಮಾತ್ರ. ನಿಮಗೆ ಗೊತ್ತಿತ್ತು, ಅದಕ್ಕೇ ಮ್ಯಾನೇಜರ ತಲೆ ತಿಂದ್ರಿ. ಮ್ಯಾನೇಜರಿಗೆ ಗೊತ್ತಿತ್ತು, ಹೊಸ ಪಟ್ಟಿ ಅವರ ಗೋಡೆ ಮೇಲಿದೆ. ಶೋರೂಮಿನವನು ಹಾಡೋರಿಗೆ ಜಾಗ ಬಿಟ್ಟಿದಾನೆ. ಮನೆಯವರ ಮಾತು ಬೇಡ, ಆ ಹಾಡೋರನ್ನ ಇಷ್ಟಪಟ್ಟಿದ್ದೇ ನಮ್ಮ ಹುಡುಗಿ. ಆದ್ರೆ ಫೋನ್ ಮಾಡಿದವಳ ಕೈಲಿದ್ದದ್ದು ಹಳೇ ಪಟ್ಟಿ. ಅದರಲ್ಲಿ ಬ್ಯಾಂಡ್ ಇತ್ತು, ಹಾಡೋರು ಇರಲಿಲ್ಲ. ಅದಕ್ಕೇ ಹಾಡೋರಿಗೆ ಫೋನ್ ಹೋಗಲಿಲ್ಲ."

"ಶೋರೂಮಿಗೂ ಹೋಗಲಿಲ್ಲ," ಅಂದಳು ಫೈಲಕ್ಕ, ಮೆಲ್ಲಗೆ.

"ಹಳೇ ಪಟ್ಟೀಲಿ ವೇದಿಕೆ ಅಂತಿದ್ದ ಕಡೆ ಯಾರ ನಂಬರಿತ್ತು?"

ಮೂರನೇ ಪ್ರತಿ ಎಲ್ಲಿ ಹೋಯಿತೆಂದು ಫೈಲಕ್ಕನಿಗೆ ಆಗ ನೆನಪಾಯಿತು. ತಗಡಿನ ಶೆಡ್ಡು, ಮರದ ವಾಸನೆ, 'ಕೆಲಸ ನಿಮ್ಮದೇ, ಯಾರು ಯಾವಾಗ ಬರ್ತಾರೆ ನೋಡಿಟ್ಕೊಳ್ಳಿ' ಎಂದು ತಾನೇ ಕೈಗೆ ಕೊಟ್ಟದ್ದು. ಹತ್ತು ದಿನದ ಮೇಲೆ ಶೋರೂಮಿನ ಮೆತ್ತನೆ ಸೋಫಾದಲ್ಲಿ ಕೂತು ಫೋನು ಮಾಡಿದ್ದು.

ದೊಡ್ಡಮ್ಮ ಬಾಗಿಲ ಕಡೆ ತಿರುಗಿದರು. "ಇವಳು ನಿನ್ನನ್ನ ಬಿಟ್ಟಾಗ ಏನಂದ್ಲಮ್ಮ? ಅವಳಂದ ಹಾಗೇ ಹೇಳು."

ಶೆಡ್ಡಿನಾಕೆ ತಲೆಯೆತ್ತಿ ಹೇಳಿದಳು. "ನಿಮ್ಮ ಕೆಲಸ ಚೆನ್ನಾಗಿದೆ. ಆದ್ರೆ ನಮ್ಮ ಟೈಮ್‌ಟೇಬಲ್‌ನಲ್ಲಿ ಕೂರ್ತಾ ಇಲ್ಲ. ಬೇಜಾರ್ ಮಾಡ್ಕೋಬೇಡಿ."

ಅದೇ ಏರಿಳಿತ, ಅದೇ ಅವಸರ. ತನ್ನ ದನಿ ಇನ್ನೊಬ್ಬರ ಬಾಯಿಂದ ಬಂದಾಗ ಇಷ್ಟು ತಣ್ಣಗಿರುತ್ತದೆಂದು ಫೈಲಕ್ಕನಿಗೆ ಗೊತ್ತಿರಲಿಲ್ಲ.

"ಮಂಗಳವಾರ ವೇದಿಕೆ ಬಿಚ್ಚೋಕೆ ಬಂದವಳು ನೀನು," ಅಂದರು ದೊಡ್ಡಮ್ಮ. "ಮ್ಯಾನೇಜರು ಹೊರಗಿನವರು ಬಂದಿಲ್ಲ ಅಂದ್ರು. ಸರಿಯಾಗೇ ಹೇಳಿದ್ರು, ನೀನು ದಿನಾ ಬರೋಳು. ಆಫೀಸಿಗೆ ಯಾಕೆ ಬಂದೆ?"

"ಬೀಗದ ಕೈ ಇಡೋಕೆ. ಬೋರ್ಡ್ ನೋಡಿದೆ. ನನ್ನ ಕಿಟಕಿ, ಬೇರೆಯವರ ಮೊಹರು. ಒಂದಂಗುಲ ಬದಲಾಯಿಸಿರಲಿಲ್ಲ. ಪಕ್ಕದ ಪಟ್ಟಿ ಓದೋಷ್ಟು ಕಣ್ಣು ನಿಲ್ಲಲಿಲ್ಲ. ಫೋನು ಅಲ್ಲೇ ಇತ್ತು. ಪಟ್ಟಿ ನನ್ನ ಚೀಲದಲ್ಲೇ ಇತ್ತು." ಅವಳು ಫೈಲಕ್ಕನ ಕಡೆ ಕೈ ತೋರಿಸಿದಳು. "ಆರಿಸ್ಕೊಂಡ ಮೇಲೆ ಬಿಡೋದು ಹೇಗಿರುತ್ತೆ ಅಂತ ಇವರಿಗೂ ಗೊತ್ತಾಗ್ಲಿ ಅನ್ನಿಸ್ತು."

"ಅಡುಗೆಯವರು, ಬಸ್ಸಿನವನು ನಿನಗೇನು ಮಾಡಿದ್ರು?" ದೊಡ್ಡಮ್ಮನ ದನಿ ಗಡುಸಾಯಿತು.

"ಏನೂ ಮಾಡಿಲ್ಲ," ಅಂದಳು ಆಕೆ. "ಅದು ನಂದೇ ತಪ್ಪು."

"ಡಬ್ಬಿ ಶೋರೂಮಿಗೆ ಹೇಗೆ ಹೋಯ್ತು ಅತ್ತಿಗೆ?" ನಾದಿನಿ ಕೇಳಿದಳು. "ಕಿಟಕಿ ಇವರೇ ಮಾಡ್ತಿದಾರೆ ಅಂದ್ಕೊಂಡಿದ್ದೆ ನಾನು. ಇವರ ಹತ್ರ ಎರಡು ಗಂಟೆ ಕೂತು ಅಪ್ಪನ ವಿಷಯ ಹೇಳಿದ್ದೆ."

"ಶೆಡ್ಡಲ್ಲಿ ಎಲ್ಲ ಹರಡ್ಕೊಂಡಿತ್ತು. ಅಲ್ಲಿ ಎಲ್ಲ ನೀಟಾಗಿತ್ತು. ಹೊತ್ತಿಗೆ ಸರಿಯಾಗಿ ಮುಗಿಯುತ್ತೆ ಅನ್ನಿಸ್ತು..." ಫೈಲಕ್ಕ ಡಬ್ಬಿಯ ಕಡೆ ನೋಡಿದಳು. ಮೂರು ದಿನದಿಂದ ಊರಿನವರ ಮೇಲೆಲ್ಲ ಕುದಿಯುತ್ತಿದ್ದ ಸಿಟ್ಟಿಗೆ ಈಗ ಹೋಗಲು ಬೇರೆ ಜಾಗವಿರಲಿಲ್ಲ. "ತಪ್ಪಾಯ್ತು," ಅಂದಳು.

"ಯಾವುದು?" ಅಂದಳು ಶೆಡ್ಡಿನಾಕೆ.

ಫೈಲಕ್ಕ ದೊಡ್ಡಮ್ಮನ ಕಡೆ ನೋಡಿದಳು. ಅಲ್ಲಿಂದ ಸಹಾಯ ಬರಲಿಲ್ಲ.

"ನಿಮ್ಮನ್ನ ಬಿಟ್ಟಿದ್ದು ಅಲ್ಲ. ಬಿಟ್ಟ ಮೇಲೂ ನಿಮ್ಮ ಡಬ್ಬೀನ ನಿಮ್ಮನ್ನ ಕೇಳದೆ ಇನ್ನೊಬ್ಬರ ಕೈಗೆ ಕೊಟ್ಟೆ. ಇದೇ ತರ ಮಾಡಿ ಅಂದೆ."

ಶೆಡ್ಡಿನಾಕೆ ತಲೆಯಾಡಿಸಿದಳು. ಕ್ಷಮಿಸಿದ್ದೇನೆ ಎಂದಲ್ಲ, ಕೇಳಿಸಿತು ಎಂದು. ಆಮೇಲೆ ಚೀಲದಿಂದ ಮಡಚಿದ ಪಟ್ಟಿ ತೆಗೆದು, ಮೇಜಿನ ಬಳಿ ಬಂದು, ಅದೇ ಫೋನೆತ್ತಿ ನಾಲ್ವರಿಗೂ ಫೋನು ಮಾಡಿದಳು. ಪ್ರತಿಯೊಬ್ಬರಿಗೂ ಮೊದಲು ತನ್ನ ಹೆಸರು ಹೇಳಿದಳು, ಆಮೇಲೆ ತಾನು ಮಾಡಿದ್ದನ್ನು. ಬಸ್ಸಿನವನು ಐದು ನಿಮಿಷ ಬೈದ. ಫೋನನ್ನು ಕಿವಿಯಿಂದ ದೂರ ಹಿಡಿಯದೆ ಪೂರ್ತಿ ಕೇಳಿಸಿಕೊಂಡಳು. ಬಸ್ಸು ಬರುತ್ತದೆಂದಾಯಿತು. ಫೋಟೋದವನು ನಕ್ಕುಬಿಟ್ಟ. ಬ್ಯಾಂಡಿನವನು, ಹಾಗಾದರೆ ತಾನು ಮತ್ತೆ ಬರಬೇಕಾ ಎಂದು ಕೇಳಿದ. ಅಡುಗೆಯವರು ಮಾತ್ರ ಕೈ ತಪ್ಪಿಹೋಗಿದ್ದರು.

"ನಮ್ಮವರು ಇನ್ನೂ ಖಾಲಿ ಇದಾರೆ," ಅಂದರು ಸೋದರತ್ತೆ, ಆದಷ್ಟು ಮೆಲುವಾಗಿ.

ಫೈಲಕ್ಕ ಒಪ್ಪಿದಳು. ಬೇರೆ ದಾರಿ ಇರಲಿಲ್ಲ.

"ಶೋರೂಮಿನವರಿಗೆ ನಾನು ಹೇಳ್ತೀನಿ," ಅಂದಳು ನಾದಿನಿ. "ಆ ಕಿಟಕಿ ಮುಂದೆ ನಾನು ಕೂರಲ್ಲ."

"ಥರ್ಮೊಕೋಲು ಅವು," ಅಂದಳು ಶೆಡ್ಡಿನಾಕೆ. ಯಾರ ಕಡೆಯೂ ನೋಡದೆ ಹೇಳಿದಳು: "ನನ್ನ ಹತ್ರ ಹನ್ನೊಂದು ಇದಾವೆ. ಮರದ್ದು. ಹಳೇ ಮನೆ ಕೆಡವೋ ಕಡೆಯೆಲ್ಲ ಹೋಗಿ ಕೇಳಿ ತಂದಿದ್ದು. ನಿಮ್ಮ ತಂದೆಯವರು ಮಾಡಿದ್ದೇ. ಚೌಕಟ್ಟಿನ ಕೆಳಗಡೆ ಒಳಭಾಗದಲ್ಲಿ ಅವರು ಉಳಿಯಲ್ಲಿ ಒಂದು ಸಣ್ಣ ಗುರುತು ಹಾಕ್ತಿದ್ರು, ನೀವೇ ಹೇಳಿದ್ರಲ್ಲ. ಅದನ್ನ ನೋಡ್ಕೊಂಡೇ ತಂದೆ. ಬೇಡ ಅಂತ ಫೋನ್ ಬಂದ ದಿನ ಹನ್ನೊಂದನೇದು ಗಾಡೀಲಿತ್ತು."

ಅತ್ತೆಯ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತ್ತು.

"ಹನ್ನೊಂದಾ?" ಅಂದರು ಅವರು.

"ಹೌದಮ್ಮ. ನಿಮ್ಮವೇ ಅವು. ತಗೊಂಡು ಹೋಗಿ. ವೇದಿಕೆ ಮೇಲೆ ನಿಲ್ಲಿಸೋ ಕೆಲಸ ಮಾತ್ರ ನನಗೆ ಹೇಳ್ಬೇಡಿ."

"ನಾನು ನಿಲ್ಲಿಸ್ತೀನಿ," ಅಂದರು ಅತ್ತೆ. "ಅವರು ಮೊಳೆ ಹೊಡೆಯೋವಾಗ ಆ ಕಡೆ ಚೌಕಟ್ಟು ಹಿಡ್ಕೊಂಡು ನಿಲ್ತಿದ್ದವಳು ನಾನೇ. ಎಷ್ಟು ಮನೇಲಿ ನಿಂತಿದೀನೋ."

ಶೆಡ್ಡಿನಾಕೆ ಅವರನ್ನೇ ನೋಡುತ್ತ ಸೊಂಟದ ಟೇಪನ್ನು ಎಳೆದಳು, ಬಿಟ್ಟಳು. "ಕೆಲವು ಎಲ್ಲಿಂದ ಬಂದವು ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಬೆಳಿಗ್ಗೆ ಶೆಡ್ಡಿಗೆ ಬನ್ನಿ. ನೋಡಿ ಹೇಳಿ, ಯಾವುದು ಯಾವ ಮನೇದು ಅಂತ. ಆಮೇಲೆ ನೋಡೋಣ."

ಅವಳು ಹೋದಳು. ಓಣಿಯಲ್ಲಿ ಅವಳ ಚಪ್ಪಲಿ ಸದ್ದು ದೂರವಾಗುವವರೆಗೂ ಫೈಲಕ್ಕ ನಿಂತಲ್ಲೇ ನಿಂತಿದ್ದಳು. ಅತ್ತೆ ಎದ್ದು ಸೆರಗು ಸರಿಮಾಡಿಕೊಂಡರು.

"ಏಳು ಗಂಟೆಗೇ ಹೊರಡೋಣ. ನೀನೂ ಬಾ. ಅವರ ಕಿಟಕಿ ಭಾರ ಇರುತ್ತೆ, ಒಬ್ಬಳ ಕೈಲಿ ಎತ್ತೋಕಾಗಲ್ಲ."